ಕೋಟಿನ ಜೇಬಿನಲ್ಲಿ ಇಬ್ಬರು

ಪೂಜೆಯ ರಜೆಗೆ ಎಲ್ಲಿಗೆ ಹೋಗಬೇಕೆಂಬುದನ್ನು ನಾವು ಆಷಾಢದಲ್ಲಿ ಜಗನ್ನಾಥನ ರಥ ಎಳೆಯುವ ದಿನವೇ ತೀರ್ಮಾನಿಸುತ್ತಿದ್ದೆವು. ಕಲ್ಕತ್ತೆಗೆ ದುರ್ಗೆ ಬರುವ ಹೊತ್ತಿಗೆ ಅರ್ಧ ಊರು ಅವಳಿಗೆ ಬೆನ್ನು ತೋರಿಸಿ ರೈಲು ಹತ್ತುತ್ತದೆ. ತಡಮಾಡಿದವರಿಗೆ ಟಿಕೆಟ್ಟೂ ಇಲ್ಲ, ಕೋಣೆಯೂ ಇಲ್ಲ. ಹಾಗಾಗಿ ರಥದ ಸಂಜೆ ಮೂರನೇ ಮಹಡಿಯ ಪ್ರದ್ಯೋತ್ ಗುಹಾ ಮತ್ತು ಅವನ ಹೆಂಡತಿ ಮಿತು ಇಳಿದು ಒಂದನೇ ಮಹಡಿಯ ನಮ್ಮ ಮನೆಗೆ ಬರುತ್ತಿದ್ದರು. ನಾನು ಹಪ್ಪಳ ಕರಿಯುತ್ತಿದ್ದೆ, ಮಿತು ಜಿಲೇಬಿ ತರುತ್ತಿದ್ದಳು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ಕೆಲಸ ಬಿಡುವಾಗ ಅಂಚು ಹರಿದ ಭಾರತದ ನಕ್ಷೆಯೊಂದನ್ನು ಕೇಳಿ ತಂದಿದ್ದೆ. ಅದನ್ನು ಮಂಚದ ಮೇಲೆ ಹಾಸಿ ನಾಲ್ವರೂ ಸುತ್ತ ಕೂರುತ್ತಿದ್ದೆವು. ಮಂಡಕ್ಕಿಯೊಳಗಿನ ಕಡಲೆಬೀಜ ಆರಿಸಿ ಅವರವರಿಗೆ ಬೇಕಾದ ಊರಿನ ಮೇಲೆ ಇಡಬೇಕು. ಆಮೇಲೆ ಜಗಳ. ಸೋತ ಊರುಗಳ ಬೀಜವನ್ನೆಲ್ಲ ನನ್ನ ಗಂಡ ತ್ರಿದಿಬ್ ಹೆಕ್ಕಿ ತಿನ್ನುತ್ತಿದ್ದ. "ಡಾರ್ಜಿಲಿಂಗ್ ಸ್ವಲ್ಪ ಮುಗ್ಗಲು" ಎಂದು ಮುಖ ಕಿವುಚುತ್ತಿದ್ದ.

ಅವರಿಬ್ಬರಿಗೂ ತ್ರಿದಿಬ್ 'ದಾ', ಅಂದರೆ ಅಣ್ಣ; ನಾನು ಪ್ರದ್ಯೋತನಿಗೆ ಬೌದಿ, ಅತ್ತಿಗೆ, ಮಿತುವಿಗೆ ನೀಲಾದಿ, ಅಕ್ಕ. ನಮಗೆ ಮಕ್ಕಳಿಲ್ಲ. ಗುಹಾ ದಂಪತಿಯ ಮಗ ಬಾಬಾಯಿ ನಮ್ಮ ನಾಲ್ವರ ನಡುವೆ ಬೆಳೆದ. ಅವನಿದ್ದಷ್ಟು ಕಾಲ ನಾವು ಹೋದದ್ದೆಲ್ಲ ಅವನಿಗೆ ಬೇಕಾದ ಕಡೆಗೆ: ಆಟಿಕೆ ರೈಲು, ಹುಲಿ, ಆನೆ ಸವಾರಿ. ಅವನು ಮದುವೆಯಾಗಿ ಆಸನ್ಸೋಲ್ ಸೇರಿದ ಮೇಲೆ, ಹೋದ ವರ್ಷದ ರಥದ ದಿನ, ತ್ರಿದಿಬ್ ಗಂಭೀರವಾಗಿ ಎದ್ದು ನಿಂತ.

"ಈ ಸಲ ಮಕ್ಕಳಿಲ್ಲ. ಬರೀ ದೊಡ್ಡವರ ಪ್ರವಾಸ. ಯಾರಿಗೂ ಹಾಲು ಹುಡುಕೋದು ಬೇಡ, ಯಾರ ಮೂಗೂ ಒರೆಸೋದು ಬೇಡ" ಎಂದು ಖಜುರಾಹೊ ಮೇಲೆ ಬೀಜ ಇಟ್ಟ.

ಮಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ತ್ರಿದಿಬ್‌ದಾ, ಅಲ್ಲಿನ ಗೋಡೆಗಳನ್ನ ನೋಡೋಕೆ ಆಗುತ್ತಾ ನಮ್ಮ ವಯಸ್ಸಲ್ಲಿ?"

"ನಮ್ಮ ವಯಸ್ಸಲ್ಲೇ ನೋಡಬೇಕು. ಅಪಾಯ ಇಲ್ಲ" ಎಂದ.

ಹೋದೆವು. ಗುಡಿಯ ನೆರಳಲ್ಲಿ ಕೂತು ಕಿತ್ತಳೆ ಹಣ್ಣು ಬಿಡಿಸಿಕೊಂಡು ತಿಂದೆವು, ಶಾಲೆ ತಪ್ಪಿಸಿಕೊಂಡವರ ಹಾಗೆ ನಕ್ಕೆವು. ಪುಷ್ಯಮಾಸದಲ್ಲಿ ತ್ರಿದಿಬ್ ಸತ್ತ. ಸ್ನಾನಕ್ಕೆ ಹೋದವನು ಬಾಗಿಲು ತೆಗೆಯಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ನನಗಿಷ್ಟವಿಲ್ಲ.

ಈ ವರ್ಷದ ರಥದ ದಿನ ಹಪ್ಪಳ ಕರಿಯಲೋ ಬೇಡವೋ ಎಂದು ಮಧ್ಯಾಹ್ನವೆಲ್ಲ ಒದ್ದಾಡಿದೆ. ಅವರು ಬರದೇ ಹೋದರೆ ಅಷ್ಟು ಹಪ್ಪಳವನ್ನು ಒಬ್ಬಳೇ ನೋಡುತ್ತ ಕೂರಬೇಕು. ಆದರೂ ಕರಿದೆ. ನಕ್ಷೆಯನ್ನೂ ಹಾಸಿದೆ. ನನಗೆ ಪ್ರವಾಸದ ಹುಚ್ಚೇನೂ ಇರಲಿಲ್ಲ. ಬೇಕಾಗಿದ್ದದ್ದು ಇಷ್ಟೇ: ವಿಜಯದಶಮಿಯ ದಿನ ನಾನು ಈ ಬೀದಿಯಲ್ಲಿ ಇರಬಾರದು. ನಮ್ಮ ಓಣಿಯ ಪೂಜೆಯ ಚಪ್ಪರ ಹಾಕುವುದು ನನ್ನ ಬಾಲ್ಕನಿಯ ಕೆಳಗೇ. ದೇವಿಯನ್ನು ಕಳಿಸುವ ಮುಂಚೆ ಮುತ್ತೈದೆಯರೆಲ್ಲ ಕೆಂಪಂಚಿನ ಸೀರೆಯುಟ್ಟು ಒಬ್ಬರ ಕೆನ್ನೆಗೊಬ್ಬರು ಸಿಂಧೂರ ಬಳಿಯುತ್ತಾರೆ. ಮದುವೆಯಾಗಿ ಬಂದಾಗಿನಿಂದ, ದಶಮಿಗೆ ಊರಲ್ಲಿದ್ದ ವರ್ಷವೆಲ್ಲ, ಆ ಆಟದಲ್ಲಿ ನಾನೇ ಮುಂದು. ಈ ಸಲ ಮುತ್ತೈದೆಯ ಶಂಖದ ಬಳೆಯಿಲ್ಲದ ಕೈ ಇಟ್ಟುಕೊಂಡು ಬಾಲ್ಕನಿಯಲ್ಲಿ ನಿಲ್ಲುವುದು, ಕೆಳಗಿನವರು ತಲೆಯೆತ್ತಿ ನೋಡಿ ತಟ್ಟನೆ ತಲೆ ತಗ್ಗಿಸುವುದು, ಇದನ್ನು ಯೋಚಿಸುವುದೂ ನನ್ನಿಂದ ಆಗುತ್ತಿರಲಿಲ್ಲ. ಆ ಒಂದು ದಿನ ಎಲ್ಲಿಯಾದರೂ ಸರಿ, ನನ್ನ ಗುರುತಿಲ್ಲದ ಊರಿನಲ್ಲಿರಬೇಕು.

ಅವರು ಬಂದರು. ಜಿಲೇಬಿಯೂ ಬಂತು. ಬಾಗಿಲಲ್ಲಿ ಅವರನ್ನು ನೋಡಿ ನನಗೆ ಅಳು ಬರುವಷ್ಟು ಸಮಾಧಾನವಾಯಿತು.

ನಾನು ಮೊದಲೇ ಬೀಜ ಇಟ್ಟೆ. "ಪುರಿ. ಒಂದು ರಾತ್ರಿ ರೈಲು, ಬೆಳಿಗ್ಗೆ ಸಮುದ್ರ. ನೀವು ಎಲ್ಲಾದ್ರೂ ಸುತ್ತಿ, ನಾನು ದಡದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."

ಪ್ರದ್ಯೋತ್ ನಕ್ಕ. "ಮತ್ತೆ ಪುರಿನಾ ಬೌದಿ? ನಮ್ಮ ಮುಖ ನೋಡಿ ನೋಡಿ ಆ ಅಲೆಗಳಿಗೇ ಬೇಜಾರಾಗಿದೆ. ಈ ಸಲ ದಡಕ್ಕೆ ಬರೋದೇ ಇಲ್ಲ ಅಂತ ಹಟ ಹಿಡೀತಾವೆ."

ಮಿತು ನಗಲಿಲ್ಲ. ಹಪ್ಪಳವನ್ನು ಸಣ್ಣ ಸಣ್ಣ ಚೂರು ಮಾಡುತ್ತ, "ಮೂರು ಜನ ಹೊರಡಬಾರದು ಅಂತ ನಮ್ಮಮ್ಮ ಹೇಳ್ತಿದ್ದರು" ಎಂದಳು.

"ಅದಕ್ಕೇನು? ಬ್ಯಾಗಲ್ಲಿ ಒಂದು ಅಡಕೆ ಹಾಕ್ಕೊಂಡರೆ ನಾಲ್ಕು ಜನ ಆದ ಹಾಗೆ. ನಿಮ್ಮ ತ್ರಿದಿಬ್‌ದಾ ಹಾಗೇ ತಾನೇ ಮಾಡ್ತಿದ್ದದ್ದು. ಅಡಕೆಗೆ ಟಿಕೆಟ್ಟೂ ಬೇಡ, ಗೊರಕೆನೂ ಹೊಡೆಯಲ್ಲ" ಎಂದೆ. ನನ್ನ ತಮಾಷೆಗೆ ನಾನೇ ನಕ್ಕೆ. ಅವರಿಬ್ಬರೂ ನಕ್ಷೆ ನೋಡುತ್ತಿದ್ದರು.

ಆಮೇಲೆ ಪ್ರದ್ಯೋತ್ ಒಂದು ಬೀಜ ತೆಗೆದು ನಕ್ಷೆಯ ನೆತ್ತಿಯ ಕಡೆಗೆ, ಸಿಕ್ಕಿಂನ ತುತ್ತತುದಿಗೆ ಇಟ್ಟ. ಗುರುದೊಂಗ್ಮಾರ್ ಸರೋವರ. ಟಿಬೆಟ್ಟಿಗೆ ತಾಗಿಕೊಂಡಿರುವ ಜಾಗ. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ಗಟ್ಟಿಮುಟ್ಟಾದ ಸಿಪಾಯಿಗಳೂ ನಿಧಾನ ನಡೆಯುತ್ತಾರೆ. ನನಗೆ ಉಬ್ಬಸವಿದೆ. ಇದು ಇಡೀ ಕಟ್ಟಡಕ್ಕೆ ಗೊತ್ತು.

"ಮಿತುಗೆ ಹಿಮ ನೋಡಬೇಕಂತೆ. ಎಷ್ಟು ವರ್ಷದಿಂದ ಹೇಳ್ತಾನೇ ಇದ್ದಾಳೆ ಪಾಪ" ಎಂದ.

"ನಾನು ಕೆಳಗೆ ಲಾಚೆನ್‌ನಲ್ಲೇ ಉಳ್ಕೋತೀನಿ. ನೀವು ಮೇಲೆ ಹೋಗಿ ಬನ್ನಿ" ಎಂದೆ.

"ಆ ಚಳಿಯಲ್ಲಿ, ಗುರುತು ಪರಿಚಯ ಇಲ್ಲದ ಹೋಟೆಲಲ್ಲಿ ಒಬ್ಬರೇನಾ? ಉಸಿರು ಹೆಚ್ಚುಕಮ್ಮಿ ಆದ್ರೆ ಏನು ಮಾಡೋದು ಬೌದಿ? ತ್ರಿದಿಬ್‌ದಾಗೆ ನಾನೇನು ಉತ್ತರ ಹೇಳಲಿ?"

ಸತ್ತವನನ್ನು ಮಾತಿಗೆ ಎಳೆದ ಮೇಲೆ ಬಾಯಿ ಮುಚ್ಚಲೇಬೇಕಾಯಿತು. ಮಿತುವಿನ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು. ಹಿಮದ ಆಸೆ ಇಷ್ಟಿತ್ತೇ ಇವಳಿಗೆ, ನನ್ನ ಎದೆಯ ಗೊರಗೊರದಿಂದ ಇಷ್ಟು ವರ್ಷ ನನ್ನ ಮುಂದೆ ಬಾಯಿ ಬಿಡದೆ ಹಿಮವಿಲ್ಲದ ಕಡೆಗೇ ತಿರುಗಿದಳೇ ಎನಿಸಿತು. ಪುರಿಯ ಮೇಲಿನ ಬೀಜವನ್ನು ನಾನೇ ತೆಗೆದು ತಿಂದೆ. "ಹೋಗಿ ಬನ್ನಿ" ಎಂದೆ. ಮನಸ್ಸು ಪೂರ್ತಿ ಒಪ್ಪಿ ಅಂದ ಮಾತು ಅದು.

ಹೊರಡುವ ಮುನ್ನಾದಿನ ತ್ರಿದಿಬನ ಉಣ್ಣೆಯ ಕೋಟನ್ನೂ ಕಿವಿ ಮುಚ್ಚುವ ಮಂಕಿ ಟೋಪಿಯನ್ನೂ ತೆಗೆದುಕೊಂಡು ಮೂರನೇ ಮಹಡಿಗೆ ಹತ್ತಿದೆ. ಪ್ರತಿ ಮೆಟ್ಟಿಲಿಗೂ ನಿಂತು ಹತ್ತಬೇಕಾಯಿತು. ಪ್ರದ್ಯೋತನಿಗೆ ಅಂಥ ಕೋಟು ಇರಲಿಲ್ಲ. ಕೊಡುವ ಮುಂಚೆ ಎಡಗಡೆಯ ಒಳಜೇಬಿನಲ್ಲಿ ಎರಡು ಅಡಕೆ ಹಾಕಿ ಮೇಲೆ ನಾಲ್ಕು ಹೊಲಿಗೆ ಹಾಕಿದ್ದೆ. ಒಂದು ಅವನು, ಒಂದು ನಾನು. ಆಗ ಹೊರಡುವವರು ಎಂದಿನಂತೆ ನಾಲ್ವರಾಗುತ್ತಾರೆ. ಇದನ್ನು ಅವರಿಗೆ ಹೇಳಲಿಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

"ಇಷ್ಟು ದಪ್ಪದ್ದು ಯಾಕೆ ಬೌದಿ" ಎಂದು ಪ್ರದ್ಯೋತ್ ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಮಿತು ಏನೋ ನೆನಪಾದವಳಂತೆ ಅಡುಗೆಮನೆಗೆ ಹೋದಳು.

ಮರುದಿನ ಸಂಜೆ ಟ್ಯಾಕ್ಸಿ ಬಂತು. ನಾನು ಬಾಲ್ಕನಿಯಿಂದ "ದುಗ್ಗಾ ದುಗ್ಗಾ" ಎಂದು ದೇವಿಯ ಹೆಸರು ಹೇಳಿ ಕೈ ಮುಗಿದೆ. "ಶಿಯಾಲದಾ ಸ್ಟೇಷನ್" ಎಂದು ಪ್ರದ್ಯೋತ್ ಚಾಲಕನಿಗೆ ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಬೆಟ್ಟದ ಕಡೆಯ ರೈಲು ಹೊರಡುವುದು ಅಲ್ಲಿಂದಲೇ. ಮೇಲೆ ಫೋನ್ ಸಿಗುವುದಿಲ್ಲ, ಚಿಂತೆ ಮಾಡಬೇಡಿ ಎಂದೂ ಹೇಳಿದ್ದ.

ದಶಮಿಯ ದಿನ ಬೆಳಗಿನಿಂದಲೇ ಕಿಟಕಿಗಳನ್ನೆಲ್ಲ ಮುಚ್ಚಿದೆ. ಢಾಕೆಂಬ ಪೂಜೆಯ ಡೋಲಿನ ಬಡಿತ ಕಿಟಕಿಯ ಮಾತು ಕೇಳುತ್ತದೆಯೇ. ಅಡುಗೆಮನೆಯಲ್ಲಿ ಕುಕ್ಕರಿನಲ್ಲಿ ಬೇಳೆ ಇಟ್ಟೆ, ಬೆಂದ ಮೇಲೂ ಕೂಗಿಸುತ್ತಲೇ ಇದ್ದೆ. ಯಾರೋ ಬಾಗಿಲು ತಟ್ಟಿದರು. ಎದುರು ಮನೆಯ ಹೊಸ ಸೊಸೆ. ಮುಖವೆಲ್ಲ ಕೆಂಪು, ಕೈಯಲ್ಲಿ ಸಿಹಿಯ ತಟ್ಟೆ. ಅವಳು ತನ್ನ ಬೆರಳಿನ ಸಿಂಧೂರ ನನಗೆ ತಾಗದಂತೆ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಕೊಟ್ಟಳು. ಒಳ್ಳೆಯ ಹುಡುಗಿ. ಆ ಜಾಗರೂಕತೆಯೇ ನನಗೆ ಚುಚ್ಚಿತು.

ಬಾಗಿಲು ಹಾಕಿ ಬಂದು ನಕ್ಷೆಯ ಮುಂದೆ ಕೂತೆ. ಬೆರಳನ್ನು ಸಿಲಿಗುರಿಯಿಂದ ತೀಸ್ತಾ ನದಿಯ ಗುಂಟ ಮೇಲಕ್ಕೆ ಒಯ್ದೆ. ಇಷ್ಟು ಹೊತ್ತಿಗೆ ಸರೋವರ ತಲುಪಿರುತ್ತಾರೆ. ಪ್ರದ್ಯೋತ್ ಕೋಟಿನ ಗುಂಡಿ ಹಾಕಿಕೊಂಡಿರುತ್ತಾನೆ. ಎಡಗಡೆಯ ಜೇಬಿನಲ್ಲಿ ನಾವಿಬ್ಬರೂ ಬೆಚ್ಚಗಿದ್ದೇವೆ. ನಾನು ಈ ಬೀದಿಯಲ್ಲಿಲ್ಲ. ಕೆಳಗೆ ಬಡಿಯುತ್ತಿರುವ ಢಾಕು ನನಗಲ್ಲ. ಹೀಗೆ ಹೇಳಿಕೊಂಡೆ. ನಂಬಿದರೆ ನಂಬಿ, ಎದೆ ಹಗುರಾಯಿತು. ತ್ರಿದಿಬ್ ಹೋದ ಮೇಲೆ ನಾನು ಮೊದಲ ಸಲ ಹೊಟ್ಟೆ ತುಂಬ ಉಂಡದ್ದು ಆ ಮಧ್ಯಾಹ್ನ.

ದಶಮಿಯ ನಂತರದ ಹುಣ್ಣಿಮೆಯ ಲಕ್ಷ್ಮೀಪೂಜೆ ಕಳೆದ ಮರುದಿನ ಅವರಿಬ್ಬರೂ ಹಿರಿಯರಿಗೆ ಮಾಡುವ ವಿಜಯೆಯ ನಮಸ್ಕಾರಕ್ಕೆ ಬಂದರು. ಪ್ರದ್ಯೋತ್ ಕಾಲು ಮುಟ್ಟಿದ. ನಾನು ತೆಂಗಿನಕಾಯಿ ಉಂಡೆ, ಖಾರದ ನಿಮ್ಕಿ ಮುಂದಿಟ್ಟೆ. ಅವನು ಕೋಟನ್ನು ಸೋಫಾದ ಮೇಲೆ ಇಟ್ಟು, "ಏನು ಚಳಿ ಬೌದಿ, ಇದಿಲ್ಲದಿದ್ದರೆ ಸತ್ತೇ ಹೋಗ್ತಿದ್ದೆ" ಎಂದ. ನನಗೆ ಕುಣಿಯುವಷ್ಟು ಖುಷಿಯಾಯಿತು.

"ಸರೋವರ ಹೆಪ್ಪುಗಟ್ಟಿತ್ತಾ? ನೀರಿನ ಬಣ್ಣ ಹೆಂಗಿತ್ತು?"

"ನೀಲಿ. ಕಡು ನೀಲಿ" ಎಂದು ಅವನು ನಿಮ್ಕಿ ಬಾಯಿಗೆ ಹಾಕಿಕೊಂಡ.

ಮಿತು ಕೂತಿರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚುತ್ತಿದ್ದಳು. ಒಳಗಿಂದ ಕೆಂಪು ಬಟ್ಟೆಯ ಸಣ್ಣದೊಂದು ಚೀಲ ತೆಗೆದಳು. ಅಂಥ ಚೀಲ ಬಂಗಾಳದ ಪ್ರತಿ ಮನೆಯ ದೇವರ ಗೂಡಿನಲ್ಲೂ ಇರುತ್ತದೆ. ಜಗನ್ನಾಥನಿಗೆ ನೈವೇದ್ಯ ಮಾಡಿ ಬಿಸಿಲಲ್ಲಿ ಒಣಗಿಸಿದ ಅನ್ನ. ಪುರಿಗೆ ಹೋದವರು ತಂದು ಹತ್ತಿರದವರಿಗೆ ಹಂಚಲೇಬೇಕು. ಹಂಚದೆ ಮನೆಯಲ್ಲಿಟ್ಟುಕೊಂಡರೆ ಪಾಪ. ಕೊಟ್ಟದ್ದನ್ನು ಬೇಡ ಎಂದರೂ ಪಾಪ.

"ಮಿತು" ಎಂದ ಪ್ರದ್ಯೋತ್, ಮೆಲ್ಲಗೆ.

"ನನ್ನಿಂದ ಆಗಲ್ಲ ಕಣ್ರೀ. ಕಟ್ಟಡದಲ್ಲಿ ಎಲ್ಲರಿಗೂ ಕೊಟ್ಟು ನೀಲಾದಿಗೆ ಮಾತ್ರ ಕೊಡದೆ ಇರೋಕೆ ನನ್ನಿಂದ ಆಗಲ್ಲ" ಎಂದಳು.

ಎಲ್ಲರಿಗೂ. ಅಂದರೆ ಎದುರು ಮನೆಯ ಸೊಸೆಗೂ ಗೊತ್ತು. ಅವರು ಎಲ್ಲಿಗೆ ಹೋಗಿದ್ದರೆಂದು ಗೊತ್ತಿಲ್ಲದವಳು ಈ ಕಟ್ಟಡದಲ್ಲಿ ನಾನೊಬ್ಬಳೇ.

"ಯಾಕೆ ಮಿತು?" ಎಂದೆ. ನನ್ನ ದನಿ ನನಗೇ ತರಗತಿಯ ದನಿಯಂತೆ ಕೇಳಿಸಿತು. "ಬರಬೇಡ ಅಂದಿದ್ರೆ ಬರ್ತಿರಲಿಲ್ಲ. ಬೆಟ್ಟಕ್ಕೆ ಹೋಗ್ತೀವಿ ಅಂತ ಸುಳ್ಳು ಯಾಕೆ ಹೇಳಬೇಕಿತ್ತು?"

ಅವಳು ಅತ್ತಳು. "ತ್ರಿದಿಬ್‌ದಾ ಹೋದಾಗಿಂದ ಇವರು ಬಚ್ಚಲ ಬಾಗಿಲು ಹಾಕ್ಕೊಂಡರೆ ಹೊರಗೇ ನಿಂತಿರ್ತೀನಿ. ಕೆಮ್ಮಿದರೆ ಎದ್ದು ಕೂರ್ತೀನಿ. ನಿಮ್ಮ ಬರಿ ಕೈ ನೋಡಿದಾಗಲೆಲ್ಲ ನಂಗೆ ನನ್ನ ಕೈನೇ ಕಾಣುತ್ತೆ ನೀಲಾದಿ. ಒಟ್ಟಿಗೆ ಹೋದ್ರೆ ಒಂದೇ ಕೋಣೆ, ಒಂದೇ ಕನ್ನಡಿ. ನಿಮ್ಮ ಪಕ್ಕ ನಿಂತು ಬೈತಲೆಗೆ ಸಿಂಧೂರ ಹೆಂಗೆ ಇಟ್ಟುಕೊಳ್ಳಲಿ? ಮೂರು ಜನ ಹೋಗಿ ಇವರಿಗೆ ಏನಾದ್ರೂ ಆಗಿದ್ರೆ?"

"ಅಲ್ಲಿ ದಶಮಿ ದಿನ ಸಿಂಧೂರ ಆಡಿದ್ಯಾ?"

"ಆಡಿದೆ" ಎಂದಳು. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅವಳ ಭಯ ನನಗೆ ಅರ್ಥವಾಯಿತು. ಕ್ಷಮಿಸಲು ಮನಸ್ಸಾಗಲಿಲ್ಲ. ಎರಡೂ ಒಟ್ಟಿಗೇ ಇದ್ದವು.

ಅಂಗೈ ಚಾಚಿದೆ. ಅವಳು ನಾಲ್ಕು ಕಾಳು ಹಾಕಿದಳು. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಕಲ್ಲಿನ ಹಾಗೆ ಗಟ್ಟಿ. ನುಂಗಲು ನೀರು ಬೇಕಾಯಿತು. ನೀರು ತಂದುಕೊಟ್ಟವನು ಪ್ರದ್ಯೋತ್.

"ಕೋಟು ಪುರಿ ನೋಡಿತೇನಪ್ಪ?" ಎಂದು ಅವನನ್ನು ಕೇಳಿದೆ.

ಅವನು ನೆಲ ನೋಡಿದ. "ಪುರಿಗೆ ಯಾರು ಕೋಟು ಒಯ್ತಾರೆ ಬೌದಿ. ಬೀರುವಲ್ಲೇ ಇಟ್ಟು ಬೀಗ ಹಾಕಿದ್ದೆ. ನೀವು ಮಡಚಿದ್ದ ಮಡಿಕೆನೂ ಬಿಚ್ಚಿಲ್ಲ."

ಅವರು ಮೇಲೆ ಹೋದರು. ಹೋಗುವಾಗ ಮಿತು "ಬರ್ತೀನಿ ನೀಲಾದಿ" ಎಂದಳು. ಬಾ ಎಂದು ನಾನು ಹೇಳಲಿಲ್ಲ.

ಕೋಟನ್ನು ಬಿಡಿಸಿದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಬಂತು. ಒಳಜೇಬಿನ ನಾಲ್ಕು ಹೊಲಿಗೆ ಹಾಗೇ ಇದ್ದವು. ಕತ್ತರಿಯಿಂದ ಬಿಚ್ಚಿ ಅಡಕೆಗಳನ್ನು ಅಂಗೈಗೆ ತೆಗೆದುಕೊಂಡೆ. ಕಿಟಕಿ ಮುಚ್ಚಿ ನಾನು ಕೂತಿದ್ದ ಆ ಮಧ್ಯಾಹ್ನ ನಾವಿಬ್ಬರೂ ನನ್ನ ನೆತ್ತಿಯ ಮೇಲೇ, ಎರಡು ಮಹಡಿ ಆಚೆ, ಬೀಗ ಹಾಕಿದ ಬೀರುವಿನಲ್ಲಿದ್ದೆವು. ಅಲ್ಲಿಗೂ ಢಾಕಿನ ಸದ್ದು ಚೆನ್ನಾಗಿಯೇ ಕೇಳಿಸಿರುತ್ತದೆ.