ಸ್ಟೆಪ್ನಿಯ ಹೊಟ್ಟೆಕಿಚ್ಚು

ನಾನು ಒಂದು ಸ್ಟೆಪ್ನಿ. ಗಾಡಿಯ ನಾಲ್ಕು ಗಾಲಿಗಳಲ್ಲಿ ಯಾವುದಾದರೂ ಕೈಕೊಟ್ಟರೆ ಇರಲಿ ಎಂದು ಹೊತ್ತುಕೊಂಡು ತಿರುಗುತ್ತಾರಲ್ಲ, ಆ ಹೆಚ್ಚಿನ ಗಾಲಿ. ಹುಟ್ಟುವಾಗ ನಾನೇನೂ ಸ್ಟೆಪ್ನಿ ಆಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯ ಬಿಸಿ ಅಚ್ಚಿನಿಂದ ನಾವು ಐವರು ಒಂದೇ ದಿನ ಹೊರಬಿದ್ದೆವು. ಒಂದೇ ರಬ್ಬರು, ಒಂದೇ ನಮೂನೆ. ಸಣ್ಣ ಗೂಡ್ಸ್ ಗಾಡಿಗೆ ನಮ್ಮನ್ನು ಜೋಡಿಸಿದವನು ಮೊದಲು ಕೈಗೆ ಸಿಕ್ಕ ನಾಲ್ವರನ್ನು ಎತ್ತಿ ನಟ್ಟು ಬಿಗಿದ. ಉಳಿದ ನನ್ನನ್ನು ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿಸಿ ಕೊಕ್ಕೆಗೆ ಸಿಕ್ಕಿಸಿದ. ಆಮೇಲೆ ಚಹಾ ಕುಡಿಯಲು ಹೋದ.

ನನ್ನ ಹೊಟ್ಟೆಕಿಚ್ಚು ಅಲ್ಲಿಂದ ಶುರುವಾಯಿತು. ಮೊದಲ ಯಜಮಾನ ಹುಬ್ಬಳ್ಳಿಯಲ್ಲಿ ನೀರಿನ ಕ್ಯಾನ್ ಮಾರುವವನು. ಆ ನಾಲ್ವರು ಊರೆಲ್ಲ ಸುತ್ತುತ್ತಿದ್ದರು, ನಾನು ಅವರು ಎರಚಿದ ಕೆಸರು ತಿನ್ನುತ್ತ ತೂಗಾಡುತ್ತಿದ್ದೆ. ವಾರಕ್ಕೊಮ್ಮೆ ಅವರಿಗೆ ಗಾಳಿ, ಆಯುಧ ಪೂಜೆಗೆ ಅವರ ಮುಂದೆ ನಿಂಬೆಹಣ್ಣು. ನನಗೆ ಅರಿಸಿನದ ಒಂದು ಬೊಟ್ಟೂ ಇಲ್ಲ. ಅವರು ಸವೆದು ಹೋದ ಮೇಲಾದರೂ ನನ್ನ ಸರದಿ ಬರುತ್ತದೆ ಎಂದುಕೊಂಡಿದ್ದೆ. ಯಜಮಾನ ಹೊಸ ನಾಲ್ವರನ್ನು ತಂದು ಹಾಕಿದ. ಸವೆಯುವುದಕ್ಕೂ ಪುಣ್ಯ ಬೇಕು ನೋಡಿ.

ಮುಂದೆ ಆ ಗಾಡಿಯನ್ನು ಯಮನೂರಪ್ಪ ಕೊಂಡ. ಅವನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹಮಾಲಿ ಮಾಡುತ್ತಿದ್ದವನು, ಕಂಡವರ ಗಾಡಿಗೆ ಮಾಲು ಏರಿಸಿ ಏರಿಸಿ ಬೆನ್ನು ಬಾಗಿದವನು. ಕೂಡಿಟ್ಟದ್ದು ಸಾಲದೆ ಹೆಂಡತಿ ಗಂಗವ್ವನ ಕೊರಳಿನ ಚಿನ್ನದ ಬೋರಮಾಳವನ್ನೂ ಮಾರಿ ತನ್ನದೇ ಗಾಡಿ ಮಾಡಿಕೊಂಡ. ಲೈಸೆನ್ಸ್ ಹೊಸದು, ಅನುಭವ ಅಷ್ಟಕ್ಕಷ್ಟೆ. ಕೊಳ್ಳುವಾಗ ಬಲ್ಲವನ ಹಾಗೆ ಗಾಡಿಯ ಸುತ್ತ ತಿರುಗಿ ನಾಲ್ಕೂ ಗಾಲಿಗೆ ಒಂದೊಂದು ಒದೆ ಕೊಟ್ಟು ನೋಡಿದ. ಬಗ್ಗಿ ನನ್ನ ಕಡೆ ನೋಡಲಿಲ್ಲ. ಒದೆಸಿಕೊಂಡವರನ್ನು ಕಂಡೂ ನಾನು ಕರುಬಿದೆ ಎಂದರೆ ನನ್ನ ಗತಿ ನಿಮಗೆ ತಿಳಿಯಬೇಕು.

ಗೋಕುಲ ರೋಡಿನ ಸ್ಟ್ಯಾಂಡಿನಲ್ಲಿ ಅವನ ಗಾಡಿ ಸಾಲಿನ ಕೊನೆಗೆ ನಿಲ್ಲುತ್ತಿತ್ತು. ಮನೆ ಬದಲಿಸುವವರ ಮಂಚ, ಬೀರು, ಸಿಮೆಂಟು ಚೀಲ, ಇಂಥವೇ ಬಾಡಿಗೆ. ಡೀಸೆಲ್ಲಿಗೆ ಹೋಗಿ ಕೈಗೆ ಉಳಿಯುವುದು ಅಷ್ಟರಲ್ಲೇ ಇತ್ತು. ಒಳ್ಳೆಯ ದುಡಿಮೆ ಅರ್ಜೆಂಟ್ ಲೋಡಿನದು. ಎಲ್ಲೋ ಕಾರ್ಖಾನೆಯ ಯಂತ್ರ ನಿಂತಿರುತ್ತದೆ, ಅದರ ಒಂದೇ ಒಂದು ಭಾಗವನ್ನು ಹೊತ್ತು ಎಲ್ಲೂ ನಿಲ್ಲದೆ ಮುಟ್ಟಿಸಬೇಕು. ಆ ಕರೆಗಳೆಲ್ಲ ಹಳೆಯ ಡ್ರೈವರ್ ದಸ್ತಗೀರನಿಗೇ ಬರುತ್ತಿದ್ದವು. ಅವನು ಗಾಡಿ ಚಾಲೂ ಮಾಡಿದಾಗಲೆಲ್ಲ ಯಮನೂರಪ್ಪನ ಮುಖ ಸಪ್ಪಗಾಗುತ್ತಿತ್ತು. ಒಂದೇ ಗಾಡಿಯಲ್ಲಿ ಮೇಲೊಬ್ಬ, ಕೆಳಗೊಬ್ಬ, ಇಬ್ಬರೂ ಹೊಟ್ಟೆ ಉರಿದುಕೊಳ್ಳುವವರೇ.

ದಸ್ತಗೀರ ಕೆಟ್ಟವನಲ್ಲ. ಮಗಳ ಮದುವೆಗೆ ಊರಿಗೆ ಹೋಗುವಾಗ ಇಂಥ ಲೋಡು ಕಳಿಸುವ ವರ್ಕ್‌ಶಾಪಿನ ಹೊಂಬಳ ಸಾವಕಾರರಿಗೆ ಯಮನೂರಪ್ಪನ ಹೆಸರು ಹೇಳಿದ. ಅವನನ್ನೂ ಪಕ್ಕಕ್ಕೆ ಕರೆದ.

“ತಮ್ಮಾ, ಅರ್ಜೆಂಟ್ ಲೋಡ್ ಅಂದ್ರ ಒಂದ ಮಾಲು, ಒಂದ ದಾರಿ. ಗಾಡಿ ಕೆಟ್ರ ಫೋನ್ ಬಂದ್ ಮಾಡಿ ಕುಂದರಬ್ಯಾಡ. ಅವ್ರು ಕೇಳೂಕಿಂತ ಮೊದ್ಲ ನೀನ ಹೇಳು.”

ಕರೆ ಬಂದೇ ಬಂತು. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬೇರಿಂಗ್ ಒಡೆದು ಕಬ್ಬು ನುರಿಸುವುದು ನಿಂತಿತ್ತು. ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು, ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತಿರುವ ಕಬ್ಬು. ವರ್ಕ್‌ಶಾಪಿನಿಂದ ಹೊಸ ಬೇರಿಂಗ್ ಹೊತ್ತಿಗೆ ಮುಟ್ಟಿಸಿದರೆ ಸಾವಕಾರರ ಕೆಲಸ ಕಾಯಂ, ತಪ್ಪಿದರೆ ಮತ್ತೆ ಮಂಚ, ಬೀರು. ಗಂಗವ್ವ ಗಾಡಿಗೆ ಕೈಮುಗಿದು ಕಳಿಸಿದಳು. ನವಲಗುಂದದಲ್ಲಿ ಉಳ್ಳಾಗಡ್ಡಿ ಚೀಲದವರು ಬಾಡಿಗೆಗೆ ಕೈ ಮಾಡಿದರು. ಯಮನೂರಪ್ಪ ನಿಲ್ಲಿಸಲಿಲ್ಲ.

ನರಗುಂದ ದಾಟಿದ ಮೇಲೆ ಹಿಂದಿನ ಎಡಗಾಲಿ ಢಮ್ಮೆಂದು ಒಡೆಯಿತು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಬಹಳ ಮೆರೆದಿದ್ದ ಅವನು, ಚಿಂದಿಯಾದ. ಯಮನೂರಪ್ಪ ಗಾಡಿಯ ಕೆಳಗೆ ತೂರಿ ಮೊಟ್ಟಮೊದಲ ಬಾರಿಗೆ ನನ್ನ ಮುಖ ನೋಡಿದ. ತುಕ್ಕು ಹಿಡಿದ ಕೊಕ್ಕೆಯೊಡನೆ ಗುದ್ದಾಡಿ ನನ್ನನ್ನು ರಸ್ತೆಗೆ ಇಳಿಸಿದ. ಇನ್ನು ನೋಡಿ ನನ್ನ ಓಟ ಎಂದು ಉಬ್ಬಿದೆ. ಉಬ್ಬಿದೆ ಎಂದುಕೊಂಡೆ, ಅಷ್ಟೆ. ಅವನು ಹೆಬ್ಬೆರಳಿನಿಂದ ಒತ್ತಿದಾಗ ನಾನು ಮೆತ್ತಗೆ ಒಳಗೆ ಕುಸಿದೆ. ವರ್ಷಗಟ್ಟಲೆ ಯಾರೂ ಗಾಳಿ ಹಾಕಿರಲಿಲ್ಲ, ಇದ್ದದ್ದೂ ಸೋರಿಹೋಗಿತ್ತು.

ಅವನು ನನ್ನ ಪಕ್ಕದಲ್ಲೇ ನೆಲಕ್ಕೆ ಕುಳಿತ. ಫೋನ್ ತೆಗೆದ, ಜೇಬಿಗೆ ಹಾಕಿದ, ಮತ್ತೆ ತೆಗೆದ. ಹೇಳಿದರೆ ಸಿಕ್ಕ ಕೆಲಸ ಕೈಬಿಟ್ಟ ಹಾಗೆ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಫೋನ್ ಹಚ್ಚಿದ.

“ಸಾವಕಾರ್ರ, ಟೈರ್ ಒಡದೈತ್ರಿ. ಸ್ಟೆಪ್ನಿಗೆ ಗಾಳಿ ಇಲ್ರಿ, ನಾನ ನೋಡಿದ್ದಿಲ್ಲ. ಫ್ಯಾಕ್ಟರಿಯವ್ರ ಗಾಡಿ ಕಳಸ್ರಿ, ನನ್ನ ಹಾದಿ ಕಾಯಬ್ಯಾಡ್ರಿ.”

ಸಾವಕಾರರು ಬೈದ ಬೈಗುಳ ನನಗೂ ಕೇಳಿಸಿತು. ಕಾರ್ಖಾನೆಯ ಜೀಪು ಬಂದು ಬೇರಿಂಗ್ ಎತ್ತಿಕೊಂಡು ಹೋಯಿತು. ಯಮನೂರಪ್ಪ ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನಲ್ಲಿ ನನ್ನನ್ನು ನರಗುಂದಕ್ಕೆ ಒಯ್ದು, ಗಾಳಿ ಹಾಕಿಸಿ ತಂದು ಜೋಡಿಸಿದ. ಬದುಕಿನಲ್ಲಿ ಒಮ್ಮೆ ನಾನೂ ಓಡಿದೆ. ಆದರೆ ಖಾಲಿ ಗಾಡಿಯ ಕೆಳಗೆ, ಬಾಡಿಗೆ ಕಳೆದುಕೊಂಡವನನ್ನು ಹೊತ್ತು.

ಹುಬ್ಬಳ್ಳಿಯಲ್ಲಿ ಪಂಕ್ಚರ್ ಅಂಗಡಿಯ ಮೌಲಾಲಿ ನನ್ನ ಮೈಯ ಬಿರುಕುಗಳನ್ನು ಉಗುರಿನಿಂದ ಕೆರೆದು ತೋರಿಸಿದ. ಓಡದೆಯೂ ರಬ್ಬರು ಮುದಿಯಾಗುತ್ತದೆ, ಇದನ್ನು ನಂಬಿ ಅರ್ಜೆಂಟ್ ಲೋಡಿಗೆ ಹೋಗಬೇಡ ಎಂದ. ಅರ್ಜೆಂಟ್ ಲೋಡು ಇನ್ನೆಲ್ಲಿ ಬರಬೇಕು ಎಂದು ಯಮನೂರಪ್ಪ ನಕ್ಕ. ಬಂತು. ಅವನು ಮುಚ್ಚಿಡದೆ ಹೇಳಿ ಜೀಪು ಬೇಗ ಹೊರಟದ್ದರಿಂದ ಕಾರ್ಖಾನೆ ಅಂದು ಸಂಜೆಯೇ ಶುರುವಾಗಿತ್ತು. ಸಾವಕಾರರು ಬೈಗುಳ ನಿಲ್ಲಿಸದೆಯೇ ಇನ್ನೊಂದು ಲೋಡು ಕೊಟ್ಟರು, ಆಮೇಲೆ ಮತ್ತೊಂದು.

ನಾನೀಗ ಮೌಲಾಲಿಯ ಅಂಗಡಿಯ ಮುಂದೆ ಇದ್ದೇನೆ. ಮೈಮೇಲೆ ಬಿಳಿ ಬಣ್ಣದಲ್ಲಿ ‘ಪಂಕ್ಚರ್’ ಎಂದು ಬರೆದು ರಸ್ತೆಗೆ ಕಾಣುವಂತೆ ನಿಲ್ಲಿಸಿದ್ದಾರೆ. ಎದುರಿಗೇ ಸ್ಟ್ಯಾಂಡು. ಯಮನೂರಪ್ಪನ ಗಾಡಿ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನಿದ್ದ ಜಾಗದಲ್ಲಿ ಅವನು ಹೊಸ ಸ್ಟೆಪ್ನಿ ಹಾಕಿಸಿದ್ದಾನೆ. ಬೆಳಿಗ್ಗೆ ಬಂದವನೇ, ಉಳಿದ ನಾಲ್ವರನ್ನು ಮುಟ್ಟುವ ಮೊದಲು, ಮೊಣಕಾಲೂರಿ ಕೆಳಗೆ ಕೈ ಚಾಚಿ ಈ ಹೊಸಬನನ್ನು ಒತ್ತಿ ನೋಡುತ್ತಾನೆ.

ಓಡುವವರ ಮೇಲೆ ನನಗೀಗ ಹೊಟ್ಟೆಕಿಚ್ಚಿಲ್ಲ. ಓಡಲಿ, ಸವೆಯಲಿ. ಆದರೆ ಆ ಹೊಸಬನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅವನೂ ತೂಗುಬಿದ್ದವನೇ, ಅವನಿಗೂ ಓಟವಿಲ್ಲ. ಆದರೆ ಅವನೊಳಗೆ ಗಾಳಿ ಇದೆಯೇ ಎಂದು ದಿನವೂ ಕೇಳುವವನೊಬ್ಬನಿದ್ದಾನೆ.