ಪೂಜೆಯ ಕಣ್ಣೀರು

ನನ್ನ ಹೆಂಡತಿ ಜಯದೇವಿ ಬೆಳಗಿನ ಪೂಜೆಗೆ ಕೂತರೆ ಅಂಗೈಯ ಇಷ್ಟಲಿಂಗವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಹಾಗೆ ನೋಡಬೇಕೆಂದು ಅವಳಪ್ಪ ಕಲಿಸಿದ್ದರು. ಐದಾರು ವರ್ಷಗಳಿಂದ ನೋಡನೋಡುತ್ತಲೇ ಅವಳ ಕಣ್ಣಿಂದ ನೀರು ಇಳಿಯತೊಡಗಿತ್ತು. ಅದನ್ನು ಭಕ್ತಿ ಎಂದು ಮೊದಲು ಹೇಳಿದವನು ನಾನೇ. ಇಟ್ಟಮಡುವಿನ ನಮ್ಮ ಮನೆಗೆ ಬಂದ ನೆಂಟರಿಗೆಲ್ಲ ಹೇಳಿಕೊಂಡು ಮೆರೆದೆ. ನನಗಂತೂ ಪೂಜೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಯೋಚನೆ ಬಿಟ್ಟು ಬೇರೇನೂ ಬಂದದ್ದಿಲ್ಲ.

ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ ಎಂದು ಅವಳು ಹೇಳಿದಾಗ, ಧೂಳಿರಬೇಕು ಅಂದುಬಿಟ್ಟೆ. ಕೊನೆಗೆ ಜಯನಗರದ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರ್ ಅಂಜನಾ, "ಅಮ್ಮನ ಕಣ್ಣು ತುಂಬಾ ಒಣಗಿದೆ ಸಾರ್," ಅಂದರು.

ನನಗೆ ರೇಗಿತು. "ದಿನಾ ನೀರು ಸುರಿಯತ್ತೆ ಮೇಡಂ. ಒಣಗೋದು ಹೇಗೆ?"

"ಒಣಗಿ ಉರಿಯೋದಕ್ಕೇ ಆ ನೀರು ಬರೋದು. ಅದು ಕಣ್ಣಲ್ಲಿ ನಿಲ್ಲಲ್ಲ. ರೆಪ್ಪೆ ಬಡೀತಾ ಇರ್ಬೇಕು. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್, ರೆಪ್ಪೆ ಮೇಲೆ ಬಿಸಿಬಟ್ಟೆ ಶಾಖ. ಬಿಟ್ರೆ ಕರಿಗುಡ್ಡೆ ಮೇಲೆ ಗಾಯ ಆಗತ್ತೆ."

ಹದಿನೈದು ದಿನಕ್ಕೆ ಉರಿ ಇಳಿಯಿತು. ಪೂಜೆಯಲ್ಲಿ ನೀರೂ ನಿಂತಿತು. ನಾನು ಖುಷಿಪಟ್ಟೆ, ಜಯದೇವಿ ಮಂಕಾದಳು. ಕೆಲವು ತಿಂಗಳಲ್ಲಿ ನೀರು ಮತ್ತೆ ಬಂತು. ಡ್ರಾಪ್ಸ್ ಹಾಕಿಕೊಂಡೆಯಾ ಎಂದರೆ ಹೂಂ ಅನ್ನುತ್ತಿದ್ದಳು, ನಾನು ನಂಬಿದೆ.

ಕಳೆದ ತಿಂಗಳು ಅವಳ ಬಲಗಣ್ಣು ಮಂಜು ಕವಿದಂತಾಗಿ ಮತ್ತೆ ಕ್ಲಿನಿಕ್ಕಿಗೆ ಓಡಿದೆವು. ಗಾಯ ಕಲೆಯಾಗಿದೆ, ಆ ಮಂಜು ಪೂರ್ತಿ ಹೋಗುವುದು ಕಷ್ಟ ಅಂದರು ಡಾಕ್ಟರ್. ಮನೆಗೆ ಬಂದು ದೇವರ ಗೂಡಿನಲ್ಲಿ ಹುಡುಕಿದರೆ ವಿಭೂತಿ ಗಟ್ಟಿಗಳ ಹಿಂದೆ ಡ್ರಾಪ್ಸಿನ ಆರು ಬಾಟಲಿಗಳು ಸಿಕ್ಕವು. ಒಂದರ ಸೀಲೂ ಒಡೆದಿರಲಿಲ್ಲ.

"ಯಾಕೆ ಹೀಗ್ ಮಾಡ್ದೆ?"

"ಔಷಧಿ ಹಾಕಿದ್ಮೇಲೆ ನೀರು ನಿಂತೋಯ್ತಲ್ಲ ರೀ. ಶಿವ ಕೈಬಿಟ್ಟ ಅನ್ನಿಸ್ತು. ನನ್ನ ಹತ್ರ ಅಂತ ಇದ್ದದ್ದು ಅದೊಂದೇ. ಅದು ಭಕ್ತಿ ಅಂತ ನೀವೇ ಅಲ್ವಾ ಎಲ್ರಿಗೂ ಹೇಳ್ತಿದ್ದಿದ್ದು?"

ಬೈಯಲು ಬಾಯಿ ತೆರೆದವನಿಗೆ, ಬೈಯಬೇಕಾದದ್ದು ನನ್ನನ್ನೇ ಎಂದು ಗೊತ್ತಾಯಿತು.

ಈಗ ಡ್ರಾಪ್ಸ್ ನಾನೇ ಹಾಕುತ್ತೇನೆ. ಪೂಜೆಯ ಹೊತ್ತಿಗೆ ಎದುರು ಕೂತು ಆಗಾಗ "ರೆಪ್ಪೆ ಬಡಿ" ಅನ್ನುತ್ತೇನೆ. ಬಡಿಯುತ್ತಾಳೆ. ಲಿಂಗ ಕಾಣಲೆಂದು ಅಂಗೈಯನ್ನು ಎಡಗಣ್ಣಿನ ಕಡೆಗೆ ಸರಿಸಿಕೊಳ್ಳುತ್ತಾಳೆ. ನಿನ್ನೆ ಪೂಜೆ ಮುಗಿಸಿ ಎದ್ದವಳು ಒಣಗಿದ್ದ ಕೆನ್ನೆಗಳನ್ನು ಎಂದಿನಂತೆ ಸೆರಗಿನಿಂದ ಒರೆಸಿಕೊಂಡಳು.