ಅವ್ವನ ದನಿಗೆ ಬಿದ್ದ ಬೀಗ

ಮಾನ್ವಿಯ ವಿಶಾಖಾಳ ಮನೆಯಲ್ಲಿ ಲ್ಯಾಪ್‌ಟಾಪ್ ಒಂದೇ, ಒಡೆಯರು ಇಬ್ಬರು. ಅವಳಿಗೆ ವಿಂಡೋಸ್ ಬೇಕು. ದೇವದುರ್ಗದ ಕಾಲೇಜಿನಲ್ಲಿ ಓದುವ ತಮ್ಮ ವಿನೋದನಿಗೆ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಬೇಕು. "ಎರಡೂ ಕೂಡಸ್ತೀನಿ ಬಿಡಕ್ಕಾ" ಎಂದು ಜಂಬದಿಂದ ಕೂತವನು, ಯಾವುದೋ ಹಳೆಯ ವಿಡಿಯೊ ನಂಬಿ ಸೆಕ್ಯೂರ್ ಬೂಟ್ ಎಂಬುದನ್ನು ಆಫ್ ಮಾಡಿದ. ಮತ್ತೆ ಚಾಲೂ ಮಾಡಿದರೆ ಪರದೆಯೆಲ್ಲ ನೀಲಿ. ಬೀಗ ತೆರೆಯಲು ರಿಕವರಿ ಕೀ ಎಂಬ ಉದ್ದನೆಯ ಅಂಕಿಗಳ ಸಾಲು ಕೊಡಿ ಎಂದು ಕೇಳುತ್ತಿತ್ತು.

ವಿಶಾಖಾ ಓಡಿ ಬಂದು ನೋಡಿದಳು. ಗಂಟಲಿನ ಆಪರೇಷನ್ ಆಗಿ ಅವ್ವ ಯಮನಮ್ಮನ ಮಾತು ನಿಂತುಹೋಗಿತ್ತು. ಅದಕ್ಕೂ ಮೊದಲು ಅವ್ವ ಹಾಡಿದ್ದ ತೊಟ್ಟಿಲ ಹಾಡುಗಳನ್ನೆಲ್ಲ ಮಗಳು ರೆಕಾರ್ಡ್ ಮಾಡಿ ಈ ಲ್ಯಾಪ್‌ಟಾಪಿನಲ್ಲೇ ತುಂಬಿಟ್ಟಿದ್ದಳು, ಬೇರೆಲ್ಲೂ ಇರಲಿಲ್ಲ.

"ಕೀ ಎಲ್ಲೈತಲೇ?"

"ನನಗೇನ್ ಗೊತ್ತಬೇ ಅಕ್ಕಾ? ಇದನ್ನ ಮಾರಿದ ಅಂಗಡ್ಯಾಂವ ತನ್ನ ಈಮೇಲ್ ಹಾಕಿ ಚಾಲೂ ಮಾಡಿ ಕೊಟ್ಟಾನ, ಕೀ ಅವನ ಖಾತೇದಾಗ ಇರಬೇಕು. ಅಂಗಡಿನೂ ಈಗ ಮುಚ್ಚ್ಯಾರ. ಎಲ್ಲಾ ಅಳಿಸಿ ಹೊಸದಾಗಿ ಹಾಕೂಣು."

"ಕೈ ಹಚ್ಚಿದ್ರ ನೋಡು ಮತ್ತ!"

ಅವ್ವ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ರಾಯಚೂರಿನಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿ ಮಹಬೂಬೀಗೆ ವಿಶಾಖಾ ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಏನೂ ಅಳಿಸಬ್ಯಾಡ್ರಿ" ಎಂದಳು ಮಹಬೂಬೀ. "ಏನ್ ಬದಲಿ ಮಾಡೀರಿ?"

"ಸೆಕ್ಯೂರ್ ಬೂಟ್ ಬಂದ್ ಮಾಡೀನ್ರಿ. ಅದು ಇದ್ರ ಲಿನಕ್ಸ್ ಕೂಡಂಗಿಲ್ಲಂತಲ್ರಿ?" ವಿನೋದನಿಗೆ ಇನ್ನೂ ಅನುಮಾನ.

"ಅದು ಹಳೇ ಮಾತಪ್ಪ. ಕಂಪ್ಯೂಟರ್ ಏಳೂಮುಂದ ತನ್ನ ಎಬ್ಬಸೂ ಪ್ರೋಗ್ರಾಮಿಗೆ ಸರಿಯಾದ ಸಹಿ ಅದನೋ ಇಲ್ಲೋ ಸೆಕ್ಯೂರ್ ಬೂಟ್ ನೋಡ್ತದ. ಕಳ್ಳ ಪ್ರೋಗ್ರಾಂ ಒಳಗ ಬರಬಾರದಂತ. ಉಬುಂಟು, ಫೆಡೋರಾದಂಥ ಲಿನಕ್ಸ್‌ಗೆಲ್ಲ ಆ ಸಹಿ ಅದ. ನೀ ಕಾವಲು ತೆಗದಿ, ವಿಂಡೋಸ್ ಅನುಮಾನ ಪಟ್ಟು ಬೀಗ ಜಡಕೊಂಡದ. ಮತ್ತ ಆನ್ ಮಾಡು."

"ತೆರೀತದೇನ್ರಿ?" ವಿಶಾಖಾ ಕೇಳಿದಳು.

"ಬಹಳ ಸಲ ತೆರೀತದ. ಖಾತ್ರಿ ಹೇಳಾಕ ಬರಂಗಿಲ್ಲ."

ವಿನೋದ ಆನ್ ಮಾಡಿದ. ಪರದೆ ಕಪ್ಪಾಯಿತು. ವಿಶಾಖಾ ಸೆರಗು ಕಚ್ಚಿಕೊಂಡು ನಿಂತಳು. ಕಪ್ಪು ಪರದೆ ಹಾಗೇ ಇತ್ತು. ಆಮೇಲೆ ಮೆಲ್ಲಗೆ ವಿಂಡೋಸ್ ತೆರೆಯಿತು.

ಅಂದೇ ಅವಳು ಖಾತೆಯನ್ನು ತನ್ನ ಈಮೇಲಿಗೆ ಬದಲಿಸಿಕೊಂಡಳು. ರಿಕವರಿ ಕೀಯನ್ನು ಲ್ಯಾಪ್‌ಟಾಪಿನ ಹೊರಗೆ ಜೋಪಾನ ಮಾಡಿದಳು, ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿದಳು. ಅಷ್ಟಾದ ಮೇಲೇ ವಿನೋದ ಸೆಕ್ಯೂರ್ ಬೂಟ್ ಆನ್ ಇಟ್ಟುಕೊಂಡೇ ಉಬುಂಟು ಹಾಕಿದ. "ಹೌದಲ್ಲಬೇ, ಎರಡೂ ನಡೀತಾವ!" ಎಂದು ತಲೆ ಕೆರೆದುಕೊಂಡ.

ವಿಶಾಖಾ ಒಂದು ಹಾಡು ಹಚ್ಚಿದಳು. ಯಮನಮ್ಮ ತನ್ನದೇ ದನಿ ಕೇಳುತ್ತ ದನಿಯಿಲ್ಲದೆ ತುಟಿ ಆಡಿಸಿದಳು. ಮಗಳಿಗೆ ಅಳು ತಡೆಯಲಾಗಲಿಲ್ಲ.

ನಿಮ್ಮ ಕಂಪ್ಯೂಟರಿನಲ್ಲೂ ಎರಡು ವ್ಯವಸ್ಥೆ ಬೇಕೆ? ಹಾಕಿ, ಭಯ ಬೇಡ. ಮೊದಲು ರಿಕವರಿ ಕೀ ನಿಮ್ಮ ಕೈಯಲ್ಲಿರಲಿ, ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ, ಸೆಕ್ಯೂರ್ ಬೂಟ್ ಆನ್ ಇರಲಿ. ವಿಶಾಖಾಳಿಗೆ ಅವ್ವನ ದನಿ ಮರಳಿ ಸಿಕ್ಕಿತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ.